ಕಸಿ ಮಾಡಿದ ಕೈಯಲ್ಲಿ ಚರ್ಮದ ತಿರಸ್ಕಾರ ಎಲ್ಲ ಭಾಗದಲ್ಲೂ ಒಂದೇ ರೀತಿ ಕಾಣಿಸುವುದಿಲ್ಲವೇಕೆ?

ರಾಜಾಜಿನಗರದ ಓದುಗ ಕೇಳಿದ್ದು:

ನನ್ನ ತಮ್ಮ ಕಾರ್ಖಾನೆಯೊಂದರ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಎರಡೂ ಕೈಗಳನ್ನು ಮಣಿಕಟ್ಟಿಗಿಂತ ಮೇಲಿನವರೆಗೆ ಕಳೆದುಕೊಂಡಿದ್ದ. ಹೊರರಾಜ್ಯದ ಆಸ್ಪತ್ರೆಯೊಂದರಲ್ಲಿ ಅವನಿಗೆ ಎರಡೂ ಕೈಗಳ ಕಸಿಯಾಗಿದೆ. ಈಗ ಬೆಂಗಳೂರಿನಲ್ಲಿ ನಮ್ಮೊಡನೆಯೇ ಇದ್ದಾನೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್ ಮತ್ತು ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಾನೆ. ಲೋಟ ಹಿಡಿಯುತ್ತಾನೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ, ಬಿಸಿ ತಣ್ಣಗೆ ತಿಳಿಯುತ್ತದೆ.

ಕಳೆದ ವರ್ಷ ಅವನ ಮುಂದೋಳು ಮತ್ತು ಹಸ್ತದ ಹಿಂಬದಿಯಲ್ಲಿ ಕೆಂಪು ಕಲೆಗಳು ಎದ್ದವು. ಮುಂದೋಳಿನಿಂದ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ, ಚರ್ಮದ ತುಣುಕು ತೆಗೆದು ಎರಡನೆಯ ದರ್ಜೆಯ ತಿರಸ್ಕಾರ, ಅಂದರೆ ಕಸಿಯ ಅಂಗವನ್ನು ದೇಹ ಪರಕೀಯವೆಂದು ವಿರೋಧಿಸುತ್ತಿದೆ ಎಂದು ಹೇಳಿದರು. ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟ ಮೇಲೆ ಕಲೆಗಳು ಇಳಿದವು. ಆಗ ಅಂಗೈಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಈಗ ಅದಕ್ಕೆ ತದ್ವಿರುದ್ಧವಾಗಿದೆ. ಮುಂದೋಳು ಸ್ವಚ್ಛವಾಗಿದೆ, ಆದರೆ ಬಲಗೈಯ ಅಂಗೈ ಒಣಗಿ ಸಿಪ್ಪೆ ಏಳುತ್ತಿದೆ, ಎರಡು ಉಗುರುಗಳ ಮೇಲೆ ಅಡ್ಡಗೆರೆಗಳು ಮೂಡಿವೆ. ಪರಿಚಿತರೊಬ್ಬರ ಮರಗೆಲಸದ ಅಂಗಡಿಯಲ್ಲಿ ಅವನು ಉಪಕರಣ ಹಿಡಿದು ಕೆಲಸ ಮಾಡಲು ತೊಡಗಿದ ಮೇಲೆ ಇದು ಶುರುವಾಯಿತು. ಅಮ್ಮ ಸಾಬೂನಿನ ತೊಂದರೆ ಎನ್ನುತ್ತಾರೆ, ತಮ್ಮ ಕೆಲಸದಿಂದ ಬಂದ ಒರಟುತನ ಎನ್ನುತ್ತಾನೆ.

ಎರಡೂ ಕೈಗಳು ಒಬ್ಬನೇ ದಾನಿಯವು, ಔಷಧವೂ ಒಂದೇ. ಹಾಗಿದ್ದ ಮೇಲೆ ಒಂದು ಭಾಗ ಕೆಂಪಾದಾಗ ಇನ್ನೊಂದು ಸುಮ್ಮನಿರುವುದು ಹೇಗೆ? ಮುಂದೋಳಿನ ಒಂದು ತುಣುಕು ಇಡೀ ಕೈಯ ಸ್ಥಿತಿಯನ್ನು ಹೇಳಬಲ್ಲದೇ? ತಿಳಿದವರು ವಿವರಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಬಸವನಗುಡಿಯ ಚರ್ಮರೋಗ ವೈದ್ಯೆ ಉತ್ತರಿಸಿದ್ದು:

ಅಂಗೈಯ ಈ ಬದಲಾವಣೆಯ ಕಾರಣವನ್ನು ಮನೆಯಲ್ಲೇ ತೀರ್ಮಾನಿಸಬೇಡಿ. ಇಂದೇ ಫೋಟೋ ತೆಗೆದು ಕಸಿ ಮಾಡಿದ ತಂಡಕ್ಕೆ ಕಳುಹಿಸಿ, ಫೋನಿನಲ್ಲೂ ಮಾತನಾಡಿ. ನನ್ನ ವಿವರಣೆಯನ್ನು ಅದಾದ ಮೇಲೆ ಓದಿದರೂ ನಡೆಯುತ್ತದೆ.

ಕಸಿ ಮಾಡಿದ ಕೈಯಲ್ಲಿ ಚರ್ಮ, ಸ್ನಾಯು, ಮೂಳೆ, ನರ, ರಕ್ತನಾಳ ಎಲ್ಲವೂ ಇರುತ್ತವೆ. ಇವೆಲ್ಲವನ್ನೂ ದೇಹ ಒಂದೇ ತೀವ್ರತೆಯಿಂದ ವಿರೋಧಿಸುವುದಿಲ್ಲ. 1991ರಲ್ಲಿ ಆಂಡ್ರ್ಯೂ ಲೀ ಮತ್ತು ಸಂಗಡಿಗರು ಇಲಿಗಳ ಕಾಲಿನ ಕಸಿಯಲ್ಲಿ ಒಂದೊಂದು ಅಂಗಾಂಶವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ರೋಗನಿರೋಧಕ ವ್ಯವಸ್ಥೆಯನ್ನು ಕೆಣಕುವುದರಲ್ಲಿ ಚರ್ಮದ್ದೇ ಮೇಲುಗೈ ಎಂದು ತೋರಿಸಿದರು. ಚರ್ಮ ಬರಿಯ ಹೊದಿಕೆಯಲ್ಲ, ಹೊರಗಿನ ಸೂಕ್ಷ್ಮಜೀವಿಗಳನ್ನು ಎದುರಿಸಲೆಂದೇ ರೂಪುಗೊಂಡ ಅಂಗ. ಅದರ ಹೊರಪದರದಲ್ಲಿ ಅನ್ಯವಸ್ತುವನ್ನು ಗುರುತಿಸಿ, ರೋಗನಿರೋಧಕ ವ್ಯವಸ್ಥೆಯ ದಾಳಿಕೋರ ಜೀವಕೋಶಗಳಾದ ಟಿ ಕಣಗಳಿಗೆ ತೋರಿಸಿಕೊಡುವ ಲ್ಯಾಂಗರ್‌ಹಾನ್ಸ್ ಕಣಗಳಿವೆ. ಉರಿಯೂತ ಉಂಟಾದಾಗ ಸಾಮಾನ್ಯ ಚರ್ಮಕಣಗಳೂ ದಾನಿಯ ಗುರುತಿನ ಪ್ರೋಟೀನುಗಳನ್ನು ತಮ್ಮ ಮೈಮೇಲೆ ಹೆಚ್ಚಾಗಿ ಪ್ರದರ್ಶಿಸತೊಡಗುತ್ತವೆ, ಅಂದರೆ ಒಮ್ಮೆ ಶುರುವಾದ ಕಿಡಿಗೆ ಚರ್ಮವೇ ತುಪ್ಪ ಸುರಿಯುತ್ತದೆ. ಕೈ ಕಸಿಯ ಅಂತರರಾಷ್ಟ್ರೀಯ ನೋಂದಣಿಯ 2010ರ ವರದಿಯಂತೆ, ಸುಮಾರು 85 ಪ್ರತಿಶತ ಮಂದಿಗೆ ಮೊದಲ ವರ್ಷದಲ್ಲೇ ಕನಿಷ್ಠ ಒಂದು ಬಾರಿ ದಿಢೀರ್ (ಅಕ್ಯೂಟ್) ತಿರಸ್ಕಾರ ಕಾಣಿಸಿಕೊಂಡಿತ್ತು. ಬಹುತೇಕ ಎಲ್ಲವೂ ಔಷಧಕ್ಕೆ ಮಣಿದವು. ಆದ್ದರಿಂದ ನಿಮ್ಮ ತಮ್ಮನಿಗೆ ಕಳೆದ ವರ್ಷ ಆದದ್ದು ಅಪರೂಪವೂ ಅಲ್ಲ, ಅವರ ಅಜಾಗರೂಕತೆಯ ಫಲವೂ ಅಲ್ಲ.

ಚರ್ಮವೆಂದರೆ ಎಲ್ಲೆಡೆ ಒಂದೇ ಚರ್ಮವೂ ಅಲ್ಲ. ಹೊರಪದರದ ದಪ್ಪವನ್ನೇ ನೋಡಿ: ಕಣ್ಣುರೆಪ್ಪೆಯಲ್ಲಿ ಸುಮಾರು 0.05 ಮಿಲಿಮೀಟರ್ ಇರುವುದು ಅಂಗೈ ಅಂಗಾಲುಗಳಲ್ಲಿ ಸುಮಾರು 1.5 ಮಿಲಿಮೀಟರ್‌ವರೆಗೆ ಇರುತ್ತದೆ. ಮುಂದೋಳಿನಲ್ಲಿ ಮತ್ತು ಹಸ್ತದ ಹಿಂಬದಿಯಲ್ಲಿ ರೋಮಕೂಪಗಳೂ ಅವುಗಳಿಗೆ ಅಂಟಿದ ಎಣ್ಣೆಗ್ರಂಥಿಗಳೂ ಇವೆ. ಅಂಗೈಯಲ್ಲಿ ಅವೆರಡೂ ಇಲ್ಲ, ಬೆವರು ಗ್ರಂಥಿಗಳು ಮಾತ್ರ ದಟ್ಟವಾಗಿವೆ. ತಿರಸ್ಕಾರದ ಟಿ ಕಣಗಳು ಮೊದಲು ಒಳಚರ್ಮದ ಸಣ್ಣ ರಕ್ತನಾಳಗಳ ಸುತ್ತ ನೆರೆದು, ಆಮೇಲೆ ಹೊರಪದರಕ್ಕೂ ರೋಮಕೂಪದ ಗೋಡೆಗೂ ನುಗ್ಗುತ್ತವೆ. ಹಾಗೆ ನುಗ್ಗಲು ಇರುವ ತಾಣಗಳೇ ಅಂಗೈಯಲ್ಲಿ ಕಡಿಮೆ. ಲ್ಯಾಂಗರ್‌ಹಾನ್ಸ್ ಕಣಗಳ ಸಾಂದ್ರತೆಯೂ ಅಂಗೈ ಅಂಗಾಲುಗಳಲ್ಲಿ ಕಡಿಮೆ. ಅಂಗೈ ಸಾಮಾನ್ಯವಾಗಿ ಪಾರಾಗುವುದಕ್ಕೆ ಇವೇ ಕಾರಣಗಳಿರಬಹುದೆಂಬ ಊಹೆ ನನಗೆ ಒಪ್ಪಿತವಾಗಿದೆ. ಅಂತೂ ರೋಗಿಗಳಲ್ಲಿ ಕಂಡಿರುವ ಚಿತ್ರ ಸ್ಪಷ್ಟವಾಗಿದೆ: ಸಾಮಾನ್ಯ ಮಾದರಿಯ ತಿರಸ್ಕಾರದಲ್ಲಿ ಚುಕ್ಕೆಗಳು, ಉಬ್ಬುಗಳು, ಕೆಂಪು ಹರಹುಗಳು ಮುಂದೋಳು ಮತ್ತು ಹಸ್ತದ ಹಿಂಬದಿಯಲ್ಲಿ ಮೂಡುತ್ತವೆ, ಅಂಗೈ ಮತ್ತು ಉಗುರುಗಳು ಉಳಿದುಕೊಳ್ಳುತ್ತವೆ.

ನಿಮ್ಮ ತಮ್ಮನ ಈಗಿನ ಸ್ಥಿತಿಗೆ ಹತ್ತಿರವಾದ ಇನ್ನೊಂದು ಮಾದರಿಯೂ ಇದೆ. 2008ರಲ್ಲಿ ಪ್ರಕಟವಾದ ಒಂದು ವರದಿ ಅದನ್ನು ಅಸಾಮಾನ್ಯ ತಿರಸ್ಕಾರ ಎಂದು ಕರೆಯಿತು. ಅದರಲ್ಲಿ ಅಂಗೈ ಒಣಗಿ, ಕೆಂಪು ಉಬ್ಬುಗಳೆದ್ದು, ಸಿಪ್ಪೆ ಸುಲಿದು, ಚರ್ಮ ದಪ್ಪಗಟ್ಟುತ್ತದೆ. ಉಗುರುಗಳು ವಿಕಾರಗೊಳ್ಳುತ್ತವೆ, ಕೆಲವೊಮ್ಮೆ ಉದುರುತ್ತವೆ. ಹೀಗಾದವರು ಅಂಗೈಯ ಮೇಲೆ ಪದೇ ಪದೇ, ಬಿಡದೆ ಒತ್ತಡ ಬೀಳುವ ಕೆಲಸ ಮಾಡುತ್ತಿದ್ದವರು ಎಂಬುದನ್ನು ಆ ವರದಿ ಎತ್ತಿ ತೋರಿಸಿತು. ಉಜ್ಜಾಟದಿಂದ ಗಾಸಿಗೊಂಡ ಚರ್ಮ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ, ಆ ಸಂಕೇತಗಳು ದಾನಿಯ ಅಂಗಾಂಶಕ್ಕಾಗಿ ಹುಡುಕುತ್ತಿರುವ ಟಿ ಕಣಗಳನ್ನೂ ಅದೇ ಜಾಗಕ್ಕೆ ಕರೆತರುತ್ತವೆ. ಮರಗೆಲಸ ಶುರುವಾದ ಮೇಲೆ ಅಂಗೈ ಕೆಟ್ಟಿತು ಎಂಬ ನಿಮ್ಮ ಮಾತಿನಿಂದಲೇ ನನಗೆ ಆತಂಕವಾದದ್ದು. ಒರಟುತನ ಮತ್ತು ತಿರಸ್ಕಾರ ಇವೆರಡರಲ್ಲಿ ಒಂದೇ ಇರಬೇಕೆಂದಿಲ್ಲ, ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿರಬಹುದು.

ಬೇರೆ ಕಸಿಗಳಲ್ಲೂ ಹೀಗೆಯೇ ಭಾಗದಿಂದ ಭಾಗಕ್ಕೆ ಭೇದವಿದೆ. 2005ರ ನವೆಂಬರಿನಲ್ಲಿ ಫ್ರಾನ್ಸಿನ ಅಮಿಯಾನಲ್ಲಿ ನಡೆದ ಮೊದಲ ಭಾಗಶಃ ಮುಖ ಕಸಿಯಲ್ಲಿ, ಅದೇ ದಾನಿಯ ಮುಂದೋಳಿನ ಚರ್ಮದ ಒಂದು ಸಣ್ಣ ತುಂಡನ್ನು ರೋಗಿಯ ಸ್ತನದ ಕೆಳಗಿನ ಮಡಿಕೆಯಲ್ಲಿ ಕೂರಿಸಿದ್ದರು. ಬಯಾಪ್ಸಿಗಾಗಿ ಮುಖಕ್ಕೆ ಮತ್ತೆ ಮತ್ತೆ ಗಾಯ ಮಾಡದೆ ಈ ಕಾವಲು ತುಂಡಿನಿಂದಲೇ ಸ್ಥಿತಿ ತಿಳಿಯಬೇಕೆಂಬುದು ಉದ್ದೇಶ. ಅಲ್ಲಿ ಬಾಯಿಯ ಒಳಪೊರೆಯಲ್ಲಿ ಕಂಡ ತಿರಸ್ಕಾರ ಮುಖದ ಚರ್ಮದಲ್ಲಿ ಕಂಡದ್ದಕ್ಕಿಂತ ತೀವ್ರವಾಗಿತ್ತು. ಒಬ್ಬನೇ ದಾನಿಯ ಅಂಗಾಂಶ ಒಬ್ಬನೇ ರೋಗಿಯ ಮೈಯಲ್ಲಿ, ಒಂದೇ ಔಷಧದ ಕೆಳಗೆ, ಜಾಗಕ್ಕೊಂದು ಬಗೆಯಲ್ಲಿ ನಡೆದುಕೊಂಡಿತು.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಚೆನ್ನಾಗಿರುವ ಮುಂದೋಳಿನಿಂದ ತೆಗೆದ ತುಣುಕು ಕೆಟ್ಟಿರುವ ಅಂಗೈಯ ಪರವಾಗಿ ಸಾಕ್ಷಿ ಹೇಳಲಾರದು. ಇಂಥ ಕಸಿಗಳಿಗಾಗಿ 2007ರಲ್ಲಿ ರೂಪುಗೊಂಡ, ತಿರಸ್ಕಾರದ ತೀವ್ರತೆಯನ್ನು ಅಳೆಯುವ ಬ್ಯಾನ್ಫ್ ವರ್ಗೀಕರಣವೇ, ಅತಿ ಹೆಚ್ಚು ಕೆಂಪಾಗಿರುವ ಅಥವಾ ಗಡುಸಾಗಿರುವ, ಆದರೆ ಸತ್ತಿರದ ಭಾಗದಿಂದ 4 ಮಿಲಿಮೀಟರ್ ಅಗಲದ ತುಣುಕನ್ನು ತೆಗೆಯಬೇಕೆಂದು ಹೇಳುತ್ತದೆ. ದರ್ಜೆಗಳು ಸೊನ್ನೆಯಿಂದ ನಾಲ್ಕರವರೆಗೆ ಇವೆ. ನಿಮ್ಮ ತಮ್ಮನಿಗೆ ಬಂದಿದ್ದ ಎರಡನೆಯ ದರ್ಜೆ ಎಂದರೆ ರಕ್ತನಾಳಗಳ ಸುತ್ತ ಮಧ್ಯಮದಿಂದ ತೀವ್ರ ಮಟ್ಟದ ಉರಿಯೂತವಿದ್ದು, ಹೊರಪದರದ ಕಣಗಳು ಇನ್ನೂ ಸಾಯತೊಡಗಿಲ್ಲ ಎಂದರ್ಥ. ಮೂರನೆಯದರಲ್ಲಿ ಆ ಕಣಗಳ ಸಾವು ಕಾಣುತ್ತದೆ, ನಾಲ್ಕನೆಯದರಲ್ಲಿ ಚರ್ಮವೇ ಕೊಳೆಯುತ್ತದೆ.

ಜಯನಗರದ ಕೈ ಚಿಕಿತ್ಸಕ ಸೇರಿಸಿದ್ದು:

ನಾನು ಅಪಘಾತದ ನಂತರ ಕೈಗಳಿಗೆ ವ್ಯಾಯಾಮ ಮತ್ತು ತರಬೇತಿ ಕೊಡುವ ವೃತ್ತಿಯವನು. ವೈದ್ಯೆಯವರು ಹೇಳಿದ ಒತ್ತಡದ ವಿಷಯಕ್ಕೆ ನನ್ನ ಕಡೆಯಿಂದ ಕೆಲವು ಮಾತುಗಳಿವೆ.

ಕಸಿಯ ಕೈಯನ್ನು ಬಳಸದೆ ಇಡಬಾರದು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಅದು ಬೆಳೆದು ಬಂದ ಮೇಲೂ ಸ್ಪರ್ಶವನ್ನು ಮೆದುಳು ಮತ್ತೆ ಕಲಿಯಬೇಕು, ಆ ಕಲಿಕೆಗೆ ಬಳಕೆಯೇ ಬೇಕು. ಆದ್ದರಿಂದ ನಿಮ್ಮ ತಮ್ಮ ಕೆಲಸಕ್ಕೆ ಮರಳಿದ್ದು ನನಗೆ ನಿಜವಾಗಿಯೂ ಸಂತೋಷದ ಸಂಗತಿ, ಅದನ್ನು ತಪ್ಪು ಎಂದು ಯಾರೂ ಅವರಿಗೆ ಹೇಳದಿರಲಿ. ಆದರೆ ಅವರ ಸ್ಪರ್ಶಜ್ಞಾನ ಇನ್ನೂ ಪೂರ್ಣವಲ್ಲ. ನಮ್ಮ ಅಂಗೈ ಉರಿಯುವಾಗ ನಾವು ಅರಿವಿಲ್ಲದೆಯೇ ಹಿಡಿತ ಬದಲಿಸುತ್ತೇವೆ. ಅವರಿಗೆ ಆ ಎಚ್ಚರಿಕೆ ತಡವಾಗಿ, ಮಂದವಾಗಿ ತಲುಪುತ್ತದೆ. ಹಿಡಿತದ ಬಲ ಕಡಿಮೆಯಿರುವವರು ಉಪಕರಣ ಜಾರದಿರಲೆಂದು ಅಂಗೈಗೆ ಒತ್ತಿ ಹಿಡಿಯುವುದೂ ಉಂಟು. ಉಳಿ, ಕೀಸುಳಿ, ಸ್ಕ್ರೂಡ್ರೈವರ್ ಇವೆಲ್ಲ ಅಂಗೈಯ ಒಂದೇ ಜಾಗವನ್ನು ಒತ್ತುತ್ತವೆ. ಬಲಗೈ ಮಾತ್ರ ಕೆಟ್ಟಿದೆ ಎಂಬುದೂ ಇದಕ್ಕೆ ಹೊಂದುತ್ತದೆ.

ಈಗ ತಂಡದವರು ನೋಡುವವರೆಗೆ ಉಪಕರಣದ ಕೆಲಸ ನಿಲ್ಲಿಸುವುದು ಒಳ್ಳೆಯದು. ಬೆರಳುಗಳ ಚಲನೆಯ ವ್ಯಾಯಾಮ ಮಾತ್ರ ಮುಂದುವರಿಯಲಿ. ಮುಂದೆ ಕೆಲಸಕ್ಕೆ ಹಿಂದಿರುಗುವಾಗ ಹಿಡಿಕೆಗಳಿಗೆ ದಪ್ಪನೆಯ ಮೆತ್ತೆ ಸುತ್ತಿ ಅವುಗಳ ಅಗಲ ಹೆಚ್ಚಿಸಿದರೆ ಒತ್ತಡ ಹರಡಿಕೊಳ್ಳುತ್ತದೆ. ಹತ್ತಿಯ ಒಳಪದರವಿರುವ ಕೈಗವಸು ಹಾಕಬಹುದು, ಆದರೆ ಬೆವರಿದ ಕೂಡಲೆ ಬದಲಿಸಬೇಕು. ನಡುನಡುವೆ ಗಡಿಯಾರ ನೋಡಿ ನಿಲ್ಲಿಸಿ, ಅಂಗೈಯನ್ನು ಕಣ್ಣಿನಿಂದ ಪರೀಕ್ಷಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ವಿಜಯನಗರದಿಂದ, ಮೂತ್ರಪಿಂಡ ಕಸಿಯಾದ ಒಬ್ಬರು ಬರೆದದ್ದು:

ನನಗೆ ಕಸಿಯಾದದ್ದು ಮೂತ್ರಪಿಂಡ. ಆದರೂ ನಾನು ನುಂಗುವುದು ಇದೇ ಟ್ಯಾಕ್ರೊಲಿಮಸ್ ಆದ್ದರಿಂದ ಒಂದು ವಿಷಯ ಹೇಳಬೇಕೆನಿಸಿತು. ಅಂಗೈಯ ಸಿಪ್ಪೆಗೆ ಶಿಲೀಂಧ್ರ ಕಾರಣವೆಂದು ಯಾರಾದರೂ ಅಂಗಡಿಯಿಂದ ಮಾತ್ರೆ ತಂದು ಕೊಟ್ಟಾರು ಎಂಬ ಭಯ ನನಗಿದೆ. ಫ್ಲುಕೊನಜೋಲ್, ಇಟ್ರಾಕೊನಜೋಲ್‌ನಂಥವು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಅಪಾಯಕಾರಿಯಾಗಿ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಕುಸಿಯುವಂತೆ ಮಾಡುತ್ತದೆ, ಹಾಗೆ ಕುಸಿದಾಗ ತಿರಸ್ಕಾರಕ್ಕೆ ಬಾಗಿಲು ತೆರೆಯುತ್ತದೆ. ದ್ರಾಕ್ಷಿಹಣ್ಣು ಎಂದು ತಪ್ಪು ತಿಳಿಯದಿರಿ, ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣನ್ನು ತಿನ್ನಬಾರದೆಂದು ಎಲ್ಲ ಕರಪತ್ರಗಳಲ್ಲೂ ಇರುತ್ತದೆ. ಆದರೆ ನಮ್ಮೂರಿನವರಿಗೆ ಗೊತ್ತಿರಬೇಕಾದದ್ದು ಚಕ್ಕೋತ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿಯ ಚಕ್ಕೋತ ಅದೇ ಕುಟುಂಬದ್ದು, ಅದರಲ್ಲೂ ಅದೇ ಬಗೆಯ ರಾಸಾಯನಿಕಗಳಿದ್ದು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಲ್ಲವು. ಮಟ್ಟ ಏರಿದರೆ ಮೂತ್ರಪಿಂಡಕ್ಕೂ ನರಗಳಿಗೂ ಪೆಟ್ಟು. ಪ್ರೀತಿಯಿಂದ ಯಾರೇ ಕೊಟ್ಟರೂ ಬೇಡವೆನ್ನಿ.

ರಾಜಾಜಿನಗರದ ಓದುಗ ಮತ್ತೆ ಕೇಳಿದ್ದು:

ಮೂವರಿಗೂ ಕೃತಜ್ಞತೆಗಳು. ತಂಡದೊಡನೆ ಮಾತನಾಡಿದ್ದೇವೆ, ಕೂಡಲೇ ಬರಲು ಹೇಳಿದ್ದಾರೆ. ರೈಲು ಹತ್ತುವ ಮೊದಲು ಇನ್ನೆರಡು ಸಂದೇಹಗಳಿವೆ. ಅವನ ಮೈಬಣ್ಣ ಕಪ್ಪು, ದಾನಿಯದು ಇನ್ನೂ ಕಪ್ಪು. ಪುಸ್ತಿಕೆಯ ಚಿತ್ರಗಳಲ್ಲಿ ಕಾಣುವಂಥ ಗುಲಾಬಿ ಬಣ್ಣ ನಮಗೆ ಎಂದೂ ಸರಿಯಾಗಿ ಕಾಣುವುದಿಲ್ಲ. ಸೊಳ್ಳೆ ಕಚ್ಚಿದ ಗುಳ್ಳೆಗೂ ತಿರಸ್ಕಾರದ ಗುಳ್ಳೆಗೂ ವ್ಯತ್ಯಾಸ ತಿಳಿಯುವುದು ಹೇಗೆ? ಎರಡನೆಯದು, ಅಂಗೈಯಿಂದಲೇ ಬಯಾಪ್ಸಿ ತೆಗೆದರೆ ಇಷ್ಟು ಕಷ್ಟಪಟ್ಟು ಬಂದ ಸ್ಪರ್ಶ ಹೋದೀತೇ ಎಂದು ಅವನು ಹೆದರಿದ್ದಾನೆ.

ಬಸವನಗುಡಿಯ ಚರ್ಮರೋಗ ವೈದ್ಯೆ:

ಬಣ್ಣದ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಈ ಕ್ಷೇತ್ರದ ಮೊದಲ ವರ್ಷಗಳ ಅನುಭವ ಹೆಚ್ಚಾಗಿ ಲಿಯೋನ್, ಲೂಯಿವಿಲ್, ಇನ್ಸ್‌ಬ್ರುಕ್‌ನಂಥ ಯುರೋಪ್ ಮತ್ತು ಅಮೆರಿಕದ ಊರುಗಳದು. ಭಾರತದ ಮೊದಲ ಕೈ ಕಸಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ನಡೆದದ್ದು 2015ರಲ್ಲಿ. ಹೀಗಾಗಿ ವಿವರಣೆಗಳ ಭಾಷೆಯೆಲ್ಲ ಬಿಳಿಯ ಚರ್ಮದ ಮೇಲೆ ಕಾಣುವ ಕೆಂಪನ್ನು ಕುರಿತದ್ದು. ಕಪ್ಪು ಚರ್ಮದಲ್ಲಿ ಅದೇ ಉರಿಯೂತ ನೇರಳೆ ಛಾಯೆಯಾಗಿಯೋ ಕಡುಕಂದಾಗಿಯೋ ಕಾಣುತ್ತದೆ, ಆರಂಭದಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಕಣ್ಣಿನಷ್ಟೇ ನಿಮ್ಮ ಕೈಯನ್ನೂ ನಂಬಿ. ಪ್ರತಿದಿನ ಒಂದೇ ಹೊತ್ತಿನಲ್ಲಿ ಮುಟ್ಟಿ, ಎರಡು ಕೈಗಳನ್ನು ಹೋಲಿಸಿ, ಬಿಸಿ, ಊತ, ಗಡುಸುತನ ಇವನ್ನು ಗಮನಿಸಿ. ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪ್ರತಿ ಸಲವೂ ಅದೇ ಜಾಗದಲ್ಲಿ ತೆಗೆಯಿರಿ. ಅಂಗೈಯ ಬಣ್ಣ ಎಲ್ಲರಲ್ಲೂ ತಿಳಿಯಾಗಿರುವುದರಿಂದ ಅಲ್ಲಿಯ ಬದಲಾವಣೆ ನಿಮಗೆ ಬೇಗ ಕಾಣುತ್ತದೆ. ಮುಂದೋಳಿನದು ತಡವಾಗಿ ಕಾಣುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಗುಳ್ಳೆಗಳ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಹೊಲಿಗೆಯ ಗೆರೆಯನ್ನು. ತಿರಸ್ಕಾರ ದಾನಿಯ ಚರ್ಮಕ್ಕೆ ಮಾತ್ರ ಸೀಮಿತವಾಗಿದ್ದು, ಆ ಗೆರೆಯ ಬಳಿ ನಿಂತುಬಿಡುತ್ತದೆ. ಔಷಧದ ಅಲರ್ಜಿಯಾದರೆ, ವೈರಸ್ಸಿನ ದದ್ದಾದರೆ, ತುರಿಕಜ್ಜಿಯಾದರೆ ಅದು ಗೆರೆಯನ್ನು ಲೆಕ್ಕಿಸದೆ ಅವರ ಸ್ವಂತ ಮೊಣಕೈ, ಎದೆ, ಬೆನ್ನಿಗೂ ಹಬ್ಬುತ್ತದೆ. ಸೊಳ್ಳೆ ಕಡಿತ ಬಿಡಿಬಿಡಿಯಾಗಿ, ತುರಿಕೆಯೊಂದಿಗೆ, ತೆರೆದ ಭಾಗಗಳಲ್ಲೆಲ್ಲ ಇರುತ್ತದೆ ಮತ್ತು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಇದು ಮೊದಲ ಅಂದಾಜಿಗೆ ಮಾತ್ರ. ಸೂಕ್ಷ್ಮದರ್ಶಕದಲ್ಲಿ ಕೂಡ ಕೀಟ ಕಡಿತ ಮತ್ತು ಸಂಪರ್ಕದ ಅಲರ್ಜಿಗಳು ತಿರಸ್ಕಾರವನ್ನು ಹೋಲಬಹುದು. ಅದಕ್ಕಾಗಿಯೇ ತುಣುಕನ್ನು ಪರೀಕ್ಷಿಸುವವರಿಗೆ ಎಲ್ಲಿಂದ ತೆಗೆದದ್ದು, ಯಾವ ಕೆಲಸ ಮಾಡುತ್ತಿದ್ದರು, ಯಾವ ಸಾಬೂನು, ಯಾವ ವಾರ್ನಿಷ್ ತಗುಲಿತ್ತು ಎಂಬುದನ್ನೆಲ್ಲ ಬರೆದು ತಿಳಿಸಬೇಕು. ನಿಮ್ಮ ತಾಯಿಯವರ ಸಾಬೂನಿನ ಅನುಮಾನವನ್ನೂ ಆ ಪಟ್ಟಿಯಲ್ಲಿ ಸೇರಿಸಿ, ಅದು ತಳ್ಳಿಹಾಕುವಂಥದ್ದಲ್ಲ. ಶಿಲೀಂಧ್ರವಿದೆಯೇ ಎಂಬುದನ್ನು ಪಿಎಎಸ್ ಎಂಬ ಬಣ್ಣಲೇಪ ತೋರಿಸುತ್ತದೆ.

ಬಯಾಪ್ಸಿಯ ಭಯ ಸಹಜವಾದದ್ದು. ತುಣುಕು 4 ಮಿಲಿಮೀಟರಿನದು. ಬೆರಳ ತುದಿಯನ್ನು ಬಿಟ್ಟು, ವಸ್ತು ಹಿಡಿಯುವಾಗ ಒತ್ತಡ ಬೀಳದ, ಆದರೆ ಕೆಟ್ಟಿರುವ ಜಾಗವನ್ನು ಆರಿಸಿಕೊಳ್ಳುವಂತೆ ಕೇಳಬಹುದು. ಅದೇ ದಿನ ಮುಂದೋಳಿನಿಂದಲೂ ಒಂದು ತುಣುಕು ತೆಗೆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಹಾಗೆ ಹೋಲಿಸಿದಾಗಲೇ ರೋಗ ಅಂಗೈಗೆ ಮಾತ್ರ ಸೀಮಿತವೇ ಎಂಬುದು ತಿಳಿಯುವುದು, ಚಿಕಿತ್ಸೆಯ ಆಯ್ಕೆಯೂ ಅದರ ಮೇಲೆ ನಿಂತಿದೆ. ಸೀಮಿತವಾದ, ಕೆಳದರ್ಜೆಯ ತಿರಸ್ಕಾರಕ್ಕೆ ಟ್ಯಾಕ್ರೊಲಿಮಸ್ ಅಥವಾ ಕ್ಲೊಬೆಟಸೋಲ್ ಮುಲಾಮನ್ನು ಬಳಸುವುದುಂಟು, ತೀವ್ರವಾದದ್ದಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನು ರಕ್ತನಾಳಕ್ಕೇ ಕೊಡುತ್ತಾರೆ. ಮುಲಾಮಿನ ವಿಷಯದಲ್ಲೂ ಜಾಗದ ಭೇದ ಉಂಟು. ಟ್ಯಾಕ್ರೊಲಿಮಸ್ ಸುಮಾರು 800 ಡಾಲ್ಟನ್ ತೂಕದ ದೊಡ್ಡ ಅಣು, ಮುಂದೋಳಿನ ತೆಳುವಾದ ಚರ್ಮದಲ್ಲಿ ಇಳಿಯುವಷ್ಟು ಸುಲಭವಾಗಿ ದಪ್ಪಗಟ್ಟಿದ ಅಂಗೈಯಲ್ಲಿ ಇಳಿಯದು. ಕಳೆದ ಸಲ ಚುಚ್ಚುಮದ್ದಿನ ಜೊತೆಗೆ ಮುಂದೋಳಿಗೆ ಮುಲಾಮನ್ನೂ ಕೊಟ್ಟಿದ್ದು ಅದು ಮನೆಯಲ್ಲಿ ಉಳಿದಿದ್ದರೆ ಅದನ್ನು ಈಗ ಹಚ್ಚಬೇಡಿ. ಹಚ್ಚಿದರೆ ಬಯಾಪ್ಸಿಯ ಚಿತ್ರ ಮಸುಕಾಗುತ್ತದೆ, ಅಂಗೈಗೆ ಸಾಲುವುದೂ ಇಲ್ಲ.

ತಂಡವನ್ನು ಕೇಳಲು ಇನ್ನೊಂದು ವಿಷಯವಿದೆ. ಮೂತ್ರಪಿಂಡದ ಸ್ಥಿತಿಯನ್ನು ಕ್ರಿಯಾಟಿನಿನ್ ಹೇಳುವಂತೆ ಕೈಯ ಸ್ಥಿತಿಯನ್ನು ಹೇಳುವ ರಕ್ತಪರೀಕ್ಷೆ ಇಲ್ಲ, ಆದ್ದರಿಂದ ಎಲ್ಲರೂ ಚರ್ಮವನ್ನೇ ನೋಡುತ್ತೇವೆ. ಆದರೆ ಚರ್ಮ ಹೆಚ್ಚೇನೂ ಕೆಡದೆ ಒಳಗಿನ ರಕ್ತನಾಳಗಳ ಗೋಡೆ ದಪ್ಪಗಟ್ಟುತ್ತ ಹೋಗುವುದೂ ಉಂಟು. ಹಾಗೆ ನಾಳಗಳು ಮುಚ್ಚಿಕೊಂಡು ಕಸಿಯ ಕೈಯನ್ನು ಕಳೆದುಕೊಂಡ ಪ್ರಕರಣ ಲೂಯಿವಿಲ್‌ನಿಂದ ವರದಿಯಾಗಿದೆ. ಹೇಗೂ ಹೋಗುತ್ತಿದ್ದೀರಿ, ಎರಡೂ ಕೈಗಳ ರಕ್ತನಾಳಗಳ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಕಳೆದ ಬಾರಿ ಯಾವಾಗ ಮಾಡಿದ್ದರೆಂದು ವಿಚಾರಿಸಿ, ಬಹಳ ದಿನವಾಗಿದ್ದರೆ ಇದೇ ಭೇಟಿಯಲ್ಲಿ ಮಾಡಿಸಿಕೊಂಡು ಬನ್ನಿ.